‘ಹಂತ ಹಂತವಾಗಿ ಕಾಮಗಾರಿ’ ಅಂದ್ರೆ ಎಂತದು? ಪೇಟೆ ಅಗೆಯುವ ಮೊದಲು ಅಂಗಡಿಯವರು ತಿಳ್ಕೊಳ್ಳಬೇಕಾದ ಲೆಕ್ಕ

ಹೆಮ್ಮಾಡಿ: ‘ಕಾಮಗಾರಿಯನ್ನು ಹಂತ ಹಂತವಾಗಿ ಕೈಗೆತ್ತಿಕೊಳ್ಳಲಾಗುವುದು.’ ಯಾವುದೇ ದೊಡ್ಡ ಯೋಜನೆಯ ಸುದ್ದಿ ತೆಗೆದು ಕಾಣಿ, ಈ ಸಾಲು ಇಲ್ಲದೆ ಮುಗಿಯುವುದಿಲ್ಲ. ಇಂಜಿನಿಯರುಗಳಿಗೆ ಇದು ಧೈರ್ಯ ಕೊಡುವ ಮಾತು. ನಮ್ಮ ಕುಂದಾಪುರ ಕಡೆಯ ಅಂಗಡಿಯವರ ಎದುರು ಇದನ್ನೇ ಹೇಳಿದ್ರೆ ನಗಾಡ್ತಾರೆ. ನಗಾಡದೆ ಎಂತ ಮಾಡುವುದು? ಕುಂದಾಪುರದಿಂದ ದಕ್ಷಿಣಕ್ಕೆ ಹೋಗುವ ಚತುಷ್ಪಥದ ಗುತ್ತಿಗೆ ಆದದ್ದು 2010ರಲ್ಲಿ. ಶಾಸ್ತ್ರಿ ಸರ್ಕಲ್ಲಿನ ಫ್ಲೈಓವರ್ ಮೇಲೆ ವಾಹನ ಓಡಿದ್ದು 2021ರ ಹೊತ್ತಿಗೆ. ನಡುವೆ ಸರ್ಕಲ್ ಸುತ್ತಮುತ್ತ ಮತ್ತು ಬಸ್ರೂರು ಮೂರ್ಕೈ ಕಡೆ ಅಂಗಡಿ ಇಟ್ಟವರು ಧೂಳು, ಕೆಸರು, ತಿರುಗಿಸಿ ಬಿಟ್ಟ ರಸ್ತೆ ಎಲ್ಲವನ್ನೂ ಕಂಡಾಯ್ತು. ಅವರ ಮಟ್ಟಿಗೆ ‘ಹಂತ’ ಅಂದ್ರೆ ನಿಂತುಹೋದ ಕೆಲಸಕ್ಕೆ ಇನ್ನೊಂದು ಹೆಸರು.

ಆದ್ರೆ ವಿಷಯ ಅಷ್ಟೇ ಅಲ್ಲ. ದೊಡ್ಡ ಕೆಲಸ ಯಾವುದನ್ನೂ ಒಂದೇ ಏಟಿಗೆ ಮಾಡ್ಲಿಕ್ಕೆ ಆಗುವುದಿಲ್ಲ, ತುಂಡು ಮಾಡಲೇಬೇಕು. ಹೇಗೆ ತುಂಡು ಮಾಡ್ತಾರೆ, ಯಾವ ತುಂಡು ಮೊದಲು ಅನ್ನುವುದರ ಮೇಲೆಯೇ ಒಂದು ಪೇಟೆ ಬದುಕುವುದು, ಸಾಯುವುದು ಎರಡೂ ಉಂಟು. ಹೆಮ್ಮಾಡಿ ಜಂಕ್ಷನ್ನಿನಲ್ಲಿ ಹೆದ್ದಾರಿ ಅಗಲ ಆಗುವಾಗ ಇದರ ಸಣ್ಣ ರುಚಿ ನಮಗೂ ಸಿಕ್ಕಿದೆ. ಮುಂದೆ ಕುಂದಾಪುರ ಪೇಟೆಯಲ್ಲೋ, ಈಗ ಪಟ್ಟಣ ಪಂಚಾಯತ್ ಆಗಿರುವ ಬೈಂದೂರಿನಲ್ಲೋ, ಬ್ರಹ್ಮಾವರದಲ್ಲೋ ಚರಂಡಿ, ಮಾರ್ಕೆಟ್, ಬಸ್ ನಿಲ್ದಾಣ, ರಸ್ತೆ ಅಂತ ದೊಡ್ಡ ಕೆಲಸ ಬರುವಾಗ ಈ ಲೆಕ್ಕ ಗೊತ್ತಿದ್ರೆ ಕೇಳಲಿಕ್ಕೆ ಬಾಯಿ ಬರ್ತದೆ. ನಾನು ಇಂಜಿನಿಯರ್ ಅಲ್ಲ, ಡಿಗ್ರಿಯನ್ನೇ ಅರ್ಧಕ್ಕೆ ಬಿಟ್ಟವ. ಆದ್ರೆ ಈ ಲೆಕ್ಕಕ್ಕೆ ಡಿಗ್ರಿ ಬೇಡ, ಒಂದು ಮನೆ ಕಟ್ಟಿಸಿದವರಿಗೆ ಅರ್ಧ ಗೊತ್ತೇ ಇರ್ತದೆ.

ಗದ್ದೆಯ ರಸ್ತೆ ಬೇರೆ, ಪೇಟೆಯ ರಸ್ತೆ ಬೇರೆ

ಗದ್ದೆ ಬಯಲಲ್ಲಿ ಹತ್ತು ಕಿಲೋಮೀಟರ್ ರಸ್ತೆ ಮಾಡುವುದು ಸುಲಭ. ಪೇಟೆಯಲ್ಲಿ ಇನ್ನೂರು ಮೀಟರ್ ಕಷ್ಟ. ಯಾಕೆಂದ್ರೆ ಪೇಟೆಯ ನೆಲದಡಿಯಲ್ಲಿ ನೀರಿನ ಪೈಪು, ಟೆಲಿಫೋನ್ ಕೇಬಲ್, ಎಲ್ಲೋ ಒಂದು ಹಳೇ ಮೋರಿ. ಮೇಲೆ ಮೆಸ್ಕಾಂ ಕಂಬ, ಟ್ರಾನ್ಸ್‌ಫಾರ್ಮರ್. ಬದಿಯಲ್ಲಿ ಅಂಗಡಿ, ಅದರ ಎದುರು ಶೀಟ್ ಹಾಕಿದ ಜಗಲಿ, ಅದರಾಚೆ ರಿಕ್ಷಾ ನಿಲ್ದಾಣ. ಒಂದೊಂದಕ್ಕೂ ಒಂದೊಂದು ಇಲಾಖೆ, ಒಂದೊಂದು ಅನುಮತಿ.

ಹೆದ್ದಾರಿ ಒಪ್ಪಂದಗಳಲ್ಲಿ ಒಂದು ಸಂಗತಿ ಉಂಟು, ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಗುತ್ತಿಗೆದಾರನಿಗೆ ಬೇಕಾದ ಜಾಗದಲ್ಲಿ ಸಾಮಾನ್ಯವಾಗಿ ಶೇ. 80ರಷ್ಟು ಕೈಗೆ ಸಿಕ್ಕಿದ್ರೆ ಸಾಕು, ಕೆಲಸದ ದಿನ ಎಣಿಸಲಿಕ್ಕೆ ಶುರು ಮಾಡಬಹುದು. ಕೆಲವು ಬಗೆಯ ಗುತ್ತಿಗೆಯಲ್ಲಿ ಇದು ಶೇ. 90. ಕೇಳುವಾಗ ಒಳ್ಳೇದೇ ಅನ್ನಿಸ್ತದೆ, ಪೂರ್ತಿ ಜಾಗಕ್ಕೆ ಕಾದ್ರೆ ಯಾವ ಕೆಲಸವೂ ಶುರು ಆಗುವುದಿಲ್ಲ. ಆದ್ರೆ ಉಳಿದ 20 ಎಲ್ಲಿರ್ತದೆ ಹೇಳಿ? ಗದ್ದೆಯಲ್ಲಿ ಅಲ್ಲ. ತಕರಾರು, ಕೋರ್ಟು, ಅಳತೆ ಜಗಳ ಎಲ್ಲ ಇರುವುದು ಪೇಟೆಯಲ್ಲಿ, ಜಂಕ್ಷನ್ನಿನಲ್ಲಿ, ದೇವಸ್ಥಾನದ ಎದುರಿನಲ್ಲಿ. ಹಾಗಾಗಿ ಯಂತ್ರ ಬಂದು ಸುಲಭದ್ದನ್ನು ಮೊದಲು ಮುಗಿಸ್ತದೆ. ಕಾಗದದಲ್ಲಿ ‘ಶೇ. 80 ಪೂರ್ಣ’ ಅಂತ ಬರೆದಾಗುವಾಗ ಪೇಟೆಯವನ ಎದುರಿನ ಹೊಂಡ ಹಾಗೇ ಇರ್ತದೆ. ಅವನ ಪಾಲಿಗೆ ಶೂನ್ಯ ಪೂರ್ಣ. ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಕತೆಯೂ ಇಂಥದ್ದೇ. ಹತ್ತು ವರ್ಷದ ಹತ್ತಿರ ಎಳೆದು 2020ರ ಜನವರಿ 31ರಂದು ಉದ್ಘಾಟನೆ ಆಯ್ತು. ಅಷ್ಟರಲ್ಲಿ ಅದರ ಮೇಲೆ ವಾಟ್ಸಾಪಿನಲ್ಲಿ ಬಂದ ಜೋಕುಗಳದ್ದೇ ಒಂದು ಪುಸ್ತಕ ಮಾಡಬಹುದಿತ್ತು.

ಸೇವಂತಿಗೆಯ ಲೆಕ್ಕ

ಯೋಜನೆ ಹಾಕುವವರು ಹಂತ ಮಾಡುವುದು ಮುಂದಿನಿಂದ ಅಲ್ಲ, ಹಿಂದಿನಿಂದ. ನಮ್ಮ ಹೆಮ್ಮಾಡಿ ಸೇವಂತಿಗೆ ಬೆಳೆಯುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಕರ ಸಂಕ್ರಮಣಕ್ಕೆ ಮಾರಣಕಟ್ಟೆ ಜಾತ್ರೆ. ಆ ದಿನಕ್ಕೆ ಹೂ ಬಿಡಬೇಕು. ಒಂದು ವಾರ ತಡ ಆದ್ರೂ ಹೂವಿಗೆ ಬೆಲೆ ಇಲ್ಲ. ಹಾಗಾಗಿ ಜಾತ್ರೆಯ ದಿನದಿಂದ ಹಿಂದಕ್ಕೆ ಎಣಿಸಿ ಗೊಬ್ಬರ ಯಾವಾಗ, ಸಸಿ ನೆಡುವುದು ಯಾವಾಗ, ನೆಲ ಹದ ಮಾಡುವುದು ಯಾವಾಗ ಅಂತ ಲೆಕ್ಕ ಹಾಕ್ತಾರೆ. ಈ ಸರಪಳಿಯಲ್ಲಿ ಒಂದು ಕೊಂಡಿ ಹತ್ತು ದಿನ ತಡ ಆದ್ರೆ ಕೊನೆಯದ್ದೂ ಹತ್ತು ದಿನ ತಡ.

ಇಂಜಿನಿಯರುಗಳು ಇಂಥ ಸರಪಳಿಗೆ ‘ಕ್ರಿಟಿಕಲ್ ಪಾತ್’ ಅಂತಾರೆ. ದೊಡ್ಡ ಯೋಜನೆಯಲ್ಲಿ ನೂರಾರು ಕೆಲಸ ಇರ್ತದೆ, ಆದ್ರೆ ಎಲ್ಲವೂ ಒಂದನ್ನೊಂದು ತಡೆಯುವುದಿಲ್ಲ. ಬೀದಿದೀಪದ ಕಂಬಕ್ಕೆ ಬಣ್ಣ ಬಳಿಯುವುದು ಎರಡು ತಿಂಗಳು ತಡ ಆದ್ರೆ ಯಾರಿಗೂ ನಷ್ಟ ಇಲ್ಲ. ಚರಂಡಿ ಪೈಪು ಎರಡು ತಿಂಗಳು ತಡ ಆದ್ರೆ ಅದರ ಮೇಲಿನ ರಸ್ತೆ, ರಸ್ತೆ ಬದಿಯ ಫುಟ್‌ಪಾತ್, ಫುಟ್‌ಪಾತಿಗೆ ತಾಗಿದ ನಿಮ್ಮ ಅಂಗಡಿಯ ಮೆಟ್ಟಿಲು ಎಲ್ಲವೂ ಅಲ್ಲೇ ನಿಲ್ತದೆ. ಹಾಗಾಗಿ ಸಭೆಯಲ್ಲಿ ‘ಕೆಲಸ ಎಷ್ಟು ಪರ್ಸೆಂಟ್ ಆಯ್ತು?’ ಅಂತ ಕೇಳಿ ಪ್ರಯೋಜನ ಕಡಿಮೆ. ಮುಂದಿನದ್ದು ಯಾವುದಕ್ಕೋಸ್ಕರ ಕಾಯ್ತಾ ಉಂಟು ಅಂತ ಕೇಳಬೇಕು.

ನಮ್ಮ ಕರಾವಳಿಗೆ ಇನ್ನೊಂದು ಕಟ್ಟುಪಾಡು ಉಂಟು, ಮಳೆಗಾಲ. ಮನೆ ಕಟ್ಟುವವ ಜೂನ್ ಒಳಗೆ ಮಾಡು ಹೊದಿಸಿ ಆಗಬೇಕು ಅಂತ ಒದ್ದಾಡುವುದು ಯಾಕೆ? ಜೂನಿಂದ ಸೆಪ್ಟೆಂಬರ್ ತನಕ ನೆಲ ಅಗೆಯುವ ಕೆಲಸ ಹೆಚ್ಚುಕಡಿಮೆ ಬಂದ್. ನಮ್ಮಲ್ಲಿ ಹೊಳೆ ಬದಿ, ಕಡಲ ಬದಿ ನೆಲದಲ್ಲಿ ನಾಲ್ಕಡಿ ತೋಡಿದ್ರೆ ನೀರು ಬರುವ ಜಾಗ ಎಷ್ಟು ಬೇಕಾದ್ರೂ ಸಿಗ್ತದೆ. ಅಂದ್ರೆ ಕರಾವಳಿಯಲ್ಲಿ ‘24 ತಿಂಗಳ ಕಾಮಗಾರಿ’ ಅಂದ್ರೆ ನೆಲದ ಕೆಲಸಕ್ಕೆ ಸಿಗುವುದು ಹದಿನಾರು ತಿಂಗಳು. ಅದರಲ್ಲಿ ಅಕ್ಟೋಬರ್, ನವೆಂಬರ್ ಗುಂಡಿ ಒಣಗುವುದಕ್ಕೇ ಹೋಗ್ತದೆ. ಎಪ್ರಿಲಿನಲ್ಲಿ ಹೊಸ ಗುಂಡಿ ತೋಡುವುದನ್ನು ಕಂಡ್ರೆ ತಿಳ್ಕೊಳ್ಳಿ, ಆ ಗುಂಡಿ ಈ ವರ್ಷ ಮುಚ್ಚುವುದಿಲ್ಲ. ಅದರ ಮೇಲೆ ಅಂಗಡಿಯವರ ಕ್ಯಾಲೆಂಡರ್ ಬೇರೆ. ಜಾತ್ರೆ, ಮದುವೆ ಸೀಸನ್, ಚೌತಿ, ದೀಪಾವಳಿ, ಮುಂಬಯಿ ಬೆಂಗಳೂರಿನಿಂದ ಊರಿಗೆ ಬರುವ ಎಪ್ರಿಲ್-ಮೇ. ವ್ಯಾಪಾರ ಆಗುವ ತಿಂಗಳೂ ಕಾಮಗಾರಿ ಆಗುವ ತಿಂಗಳೂ ಒಂದೇ. ಟೆಂಡರ್ ಬರೆಯುವವರು ಬೆಂಗಳೂರಿನಲ್ಲಿ ಕೂತು ಈ ಡಿಕ್ಕಿಯನ್ನು ಕಾಣುವುದಿಲ್ಲ. ಯಾವ ಬೀದಿ ಯಾವ ತಿಂಗಳು ಅಂತ ಕೂತು ಬರೆದ್ರೆ ಎರಡನ್ನೂ ಸ್ವಲ್ಪಮಟ್ಟಿಗೆ ಹೊಂದಿಸಬಹುದು.

ಮೊದಲು ನೆಲದಡಿ, ಆಮೇಲೆ ಮೇಲೆ

ಕರ್ನಾಟಕದಲ್ಲಿ ಹಂತದ ಲೆಕ್ಕ ಸರಿ ಮಾಡಿ ತೋರಿಸ್ಲಿಕ್ಕೆ ಹೊರಟ ಕೆಲಸ ಅಂದ್ರೆ ಬೆಂಗಳೂರಿನ ‘ಟೆಂಡರ್ ಶ್ಯೂರ್’ ರಸ್ತೆಗಳು. ರೆಸಿಡೆನ್ಸಿ ರೋಡ್, ರಿಚ್‌ಮಂಡ್ ರೋಡ್, ಸೇಂಟ್ ಮಾರ್ಕ್ಸ್ ರೋಡ್, ಮ್ಯೂಸಿಯಂ ರೋಡ್, ಕಮಿಸರಿಯಟ್ ರೋಡ್, ಕನ್ನಿಂಗ್‌ಹ್ಯಾಮ್ ರೋಡ್, ವಿಠ್ಠಲ್ ಮಲ್ಯ ರೋಡ್ ಹೀಗೆ ಏಳು ರಸ್ತೆ ಮೊದಲ ಹಂತ. ಇದರ ವಿಚಾರ ಸರಳ. ನೀರು, ಒಳಚರಂಡಿ, ಮಳೆನೀರು, ಕರೆಂಟು, ಇಂಟರ್ನೆಟ್ ಕೇಬಲ್ ಎಲ್ಲದಕ್ಕೂ ಒಂದೇ ಸಲ ನೆಲದಡಿ ಜಾಗ ಮಾಡುವುದು, ಹೆಚ್ಚಿನದ್ದನ್ನು ಫುಟ್‌ಪಾತಿನ ಅಡಿಯಲ್ಲೇ ಹಾಕಿ ಅಲ್ಲಲ್ಲಿ ಮುಚ್ಚಳ ಇಡುವುದು. ಮುಂದೆ ಕೇಬಲ್ ಎಳೆಯಬೇಕಾದ್ರೆ ಮುಚ್ಚಳ ತೆಗೆದ್ರೆ ಸಾಕು, ಡಾಂಬರು ಅಗೆಯಬೇಡ. ಐದು ಇಲಾಖೆಗೆ ಐದು ಟೆಂಡರ್ ಬದಲು ಎಲ್ಲ ಸೇರಿ ಒಂದು ವಿನ್ಯಾಸ, ಒಂದು ಗುತ್ತಿಗೆ.

ಹೇಳುವಾಗ ಸುಲಭ. ಅಗೆದಾಗ ನಕ್ಷೆಯಲ್ಲಿ ಇಲ್ಲದ ಪೈಪು ಸಿಕ್ಕಿದವು, ಇಲಾಖೆಗಳು ಒಬ್ಬರನ್ನೊಬ್ಬರು ಕಾದವು, ದಿನ ಎಳೆಯಿತು, ಖರ್ಚಿನ ಬಗ್ಗೆ ಟೀಕೆಯೂ ಬಂತು. ಆದ್ರೂ ಆ ರಸ್ತೆಗಳಲ್ಲಿ ನಡೆದು ಹೋದವರಿಗೆ ವ್ಯತ್ಯಾಸ ಗೊತ್ತಾಗ್ತದೆ. ನೆಲದಡಿಯದ್ದು ಒಂದು ಸಲ ಸರಿ ಆದ್ರೆ ಮೇಲಿನದ್ದು ವರ್ಷಗಟ್ಟಲೆ ಉಳೀತದೆ. ಒಳಚರಂಡಿ ಹಾಕುವುದು, ಡಾಂಬರು ಹಾಕುವುದು, ಪುನಃ ಅಗೆಯುವುದು, ಪುನಃ ಪ್ಯಾಚ್ ಹಾಕುವುದು, ಇದು ಯಾವ ಊರಿಗೂ ಹೊಸತಲ್ಲ, ಕುಂದಾಪುರ ಪೇಟೆಯವರಿಗಂತೂ ಅಲ್ಲವೇ ಅಲ್ಲ.

ಚರ್ಚ್ ಸ್ಟ್ರೀಟಿನದ್ದು ಇನ್ನೂ ಕುತೂಹಲದ ಕತೆ. ಬ್ರಿಗೇಡ್ ರೋಡಿನಿಂದ ಸೇಂಟ್ ಮಾರ್ಕ್ಸ್ ರೋಡ್ ತನಕ, ಮುಕ್ಕಾಲು ಕಿಲೋಮೀಟರ್ ಒಳಗಿನ ಬೀದಿ. ಎರಡೂ ಬದಿ ಹೋಟೆಲು, ಪುಸ್ತಕದಂಗಡಿ. 2017ರ ಫೆಬ್ರವರಿಯಲ್ಲಿ ಅಗೆದ್ರು, 2018ರ ಮಾರ್ಚ್ 1ಕ್ಕೆ ಉದ್ಘಾಟನೆ. ಒಂದು ವರ್ಷ. ಬೆಂಗಳೂರಿನ ಲೆಕ್ಕದಲ್ಲಿ ಬೇಗ ಆಯ್ತು ಅಂತಲೇ ಹೇಳಬೇಕು. ಆದ್ರೆ ಆ ವರ್ಷ ಅಲ್ಲಿನ ವ್ಯಾಪಾರಿಗಳು ಗಿರಾಕಿ ಇಲ್ಲದೆ ಕಂಗಾಲಾದ್ದು ಪತ್ರಿಕೆಗಳಲ್ಲಿ ಬಂದ ವಿಷಯ. ಈಗ ಆ ಬೀದಿಯಲ್ಲಿ ಸಂಜೆ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ. 2020ರ ಕೊನೆಗೆ ವಾರಾಂತ್ಯದಲ್ಲಿ ವಾಹನ ನಿಲ್ಲಿಸಿ ನಡೆಯುವವರಿಗೇ ಬಿಟ್ಟು ಪ್ರಯೋಗವೂ ಮಾಡಿದ್ರು. ಒಟ್ಟಾರೆ ಕಂಡ್ರೆ ಯೋಜನೆ ಗೆದ್ದಿದೆ. ಆದ್ರೆ ಆ ಒಂದು ವರ್ಷ ತಡ್ಕೊಳ್ಳುವಷ್ಟು ದುಡ್ಡು ಕೈಯಲ್ಲಿ ಇದ್ದವನು ಮಾತ್ರ ಆ ಗೆಲುವಿನಲ್ಲಿ ಪಾಲು ಪಡೆದ. ಹೊಸ ಬೀದಿ ಬಂದ ಮೇಲೆ ಬಾಡಿಗೆಯೂ ಹಳೇ ಬಾಡಿಗೆ ಆಗಿ ಇರುವುದಿಲ್ಲ. ಇದನ್ನು ಯಾವ ಯೋಜನಾ ವರದಿಯೂ ಲೆಕ್ಕಕ್ಕೆ ತೆಗೊಳ್ಳುವುದಿಲ್ಲ.

ಆಮೇಲೆ ಬೆಂಗಳೂರೇ ಈ ಪಾಠ ಮರೆತಿತು. 2017ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ನಡು ಪೇಟೆಯ ಸಾಲು ಸಾಲು ರಸ್ತೆಗಳನ್ನು ಹತ್ತಿರ ಹತ್ತಿರದ ಸಮಯದಲ್ಲೇ ಅಗೆದು ಬಿಟ್ರು. ಒಂದು ರಸ್ತೆ ಅಗೆದಾಗ ಪಕ್ಕದ ರಸ್ತೆ ತೆರೆದಿರಬೇಕು, ಅದು ಹಂತದ ಮೊದಲ ನಿಯಮ. ಎರಡೂ ಅಗೆದ್ರೆ ಗಿರಾಕಿ ಬರುವುದು ಆಕಾಶದಿಂದಲಾ?

ಅಲ್ಲಿವರೆಗೆ ಅಂಗಡಿ ಎಲ್ಲಿ?

ಬೀದಿ ಕೆಲಸದಲ್ಲಿ ಅಂಗಡಿ ಇದ್ದಲ್ಲೇ ಇರ್ತದೆ. ಕಟ್ಟಡವನ್ನೇ ಕೆಡವಿ ಹೊಸತು ಕಟ್ಟುವುದಾದ್ರೆ? ಇಲ್ಲಿ ನಮಗೆ ಹತ್ತಿರದ ದೊಡ್ಡ ಉದಾಹರಣೆ ಇರುವುದು ಮುಂಬಯಿಯಲ್ಲಿ. ನಮ್ಮ ಕಡೆಯ ಎಷ್ಟು ಮನೆಯವರು ಅಲ್ಲಿ ಹೋಟೆಲು ನಡೆಸಿದವರು, ಭೇಂಡಿ ಬಜಾರ್ ಹೆಸರು ಕೇಳದವರು ಕಡಿಮೆ.

ಭೇಂಡಿ ಬಜಾರ್ ಅಂದ್ರೆ 16.5 ಎಕ್ರೆ ಜಾಗ, ಹತ್ತಿರ ಹತ್ತಿರ 250 ಹಳೇ ಕಟ್ಟಡ, 3,200ರಷ್ಟು ಕುಟುಂಬ, 1,250ರಷ್ಟು ಅಂಗಡಿ. ದಾವೂದಿ ಬೋಹ್ರಾ ಸಮುದಾಯದ ಸೈಫೀ ಬುರ್ಹಾನಿ ಅಪ್‌ಲಿಫ್ಟ್‌ಮೆಂಟ್ ಟ್ರಸ್ಟ್ 2009ರಲ್ಲಿ ಶುರುವಾಗಿ ಇಡೀ ಬಡಾವಣೆಯನ್ನು ಒಟ್ಟಾಗಿ ಹೊಸತು ಮಾಡಲಿಕ್ಕೆ ಹೊರಟಿತು. ಒಂದೊಂದೇ ಕಟ್ಟಡ ಕೆಡವಿ ಕಟ್ಟಿದ್ರೆ ರಸ್ತೆ ಅಗಲ ಆಗುವುದಿಲ್ಲ, ಚರಂಡಿ ಸರಿ ಆಗುವುದಿಲ್ಲ. ಅದಕ್ಕೆ ಪೂರ್ತಿ ಗುಂಪನ್ನೇ ತೆಗೆಯುವುದು. ಆದ್ರೆ ಮೂರು ಸಾವಿರ ಕುಟುಂಬವನ್ನು ಒಂದೇ ದಿನ ಎಲ್ಲಿಗೆ ಕಳಿಸುವುದು? ಅವರು ಮೊದಲು ಮಾಡಿದ್ದು ಹೊಸ ಗೋಪುರ ಅಲ್ಲ, ಮಜ್‌ಗಾಂವ್, ಸಯಾನ್, ಘೋಡಪ್‌ದೇವ್ ಕಡೆ ತಾತ್ಕಾಲಿಕ ಮನೆಗಳು. ಒಂದು ತುಂಡಿನ ಜನ ಅಲ್ಲಿಗೆ ಹೋಗ್ತಾರೆ, ಆ ತುಂಡು ಕೆಡವಿ ಕಟ್ತಾರೆ, ಅವರು ಹಿಂದೆ ಬರ್ತಾರೆ, ಖಾಲಿ ಆದ ತಾತ್ಕಾಲಿಕ ಮನೆಗೆ ಮುಂದಿನ ತುಂಡಿನವರು. ಚೆಸ್ ಆಟದ ಹಾಗೆ, ಒಂದು ಮನೆ ಖಾಲಿ ಇದ್ರೆ ಮಾತ್ರ ಕಾಯಿ ನಡೆಸಬಹುದು. ಮೊದಲ ಹಂತದ ಎರಡು ಗೋಪುರ 2020ರ ಹೊತ್ತಿಗೆ ತಯಾರಾದವು. ಅಂದ್ರೆ ಶುರುವಾಗಿ ಹನ್ನೊಂದು ವರ್ಷ, ಅದೂ ಮೊದಲ ಹಂತ ಮಾತ್ರ.

ತಡ ಆದ್ರೆ ಬರೇ ತೊಂದರೆ ಅಲ್ಲ, ಪ್ರಾಣವೇ ಹೋಗಬಹುದು. 2017ರ ಆಗಸ್ಟ್ 31ರಂದು ಇದೇ ಯೋಜನೆಯ ವ್ಯಾಪ್ತಿಯಲ್ಲಿದ್ದ ಹುಸೈನಿ ಬಿಲ್ಡಿಂಗ್ ಬೆಳಿಗ್ಗೆ ಕುಸಿದು 33 ಜನ ಸತ್ರು. ಕಟ್ಟಡ ಅಪಾಯದ್ದು ಅಂತ ಗೊತ್ತಿತ್ತು. ಅದರಲ್ಲಿದ್ದ ಕೆಲವು ಕುಟುಂಬಗಳು ಮೊದಲೇ ತಾತ್ಕಾಲಿಕ ಮನೆಗೆ ಹೋಗಿದ್ವು, ಉಳಿದವರು ಅಲ್ಲೇ ಇದ್ರು. ‘ಹೋಗಿ’ ಅಂದಾಗ ಜನ ಯಾಕೆ ಹೋಗುವುದಿಲ್ಲ ಅಂತ ಅಧಿಕಾರಿಗಳು ಕೇಳ್ತಾರೆ. ಹಿಂದೆ ಬರುವ ದಿನ ಕಾಗದದಲ್ಲಿ ಇಲ್ಲದಿದ್ರೆ ಯಾರು ಹೋಗ್ತಾರೆ?

ನಮ್ಮ ಜಿಲ್ಲೆಯ ಪಕ್ಕದಲ್ಲೇ ಮಂಗಳೂರು ಸೆಂಟ್ರಲ್ ಮಾರ್ಕೆಟ್ ಉಂಟು. 2020ರಲ್ಲಿ ಕೊರೊನಾ ಸಮಯ ಅಲ್ಲಿನ ವ್ಯಾಪಾರ ನಿಲ್ಲಿಸಿ ಸಗಟು ವ್ಯಾಪಾರಿಗಳನ್ನು ಬೈಕಂಪಾಡಿ ಎಪಿಎಂಸಿ ಯಾರ್ಡಿಗೆ ಕಳಿಸಿದ್ರು. ಹಳೇ ಕಟ್ಟಡದ ಜಾಗದಲ್ಲಿ ಹೊಸ ಮಾರ್ಕೆಟ್ ಅನ್ನುವ ಮಾತು ಅದಕ್ಕೆ ಸೇರ್ಕೊಂಡಿತು. ಬೈಕಂಪಾಡಿಯಲ್ಲಿ ಸೌಕರ್ಯ ಸಾಲದು ಅಂತ ವ್ಯಾಪಾರಿಗಳ ದೂರು, ಹೈಕೋರ್ಟಿನ ಮೆಟ್ಟಿಲು, ಹೀಗೆ ಎಳೆಯಿತು. ಇಲ್ಲಿ ಹಂತದ ಕ್ರಮವೇ ತಲೆಕೆಳಗಾದದ್ದು ಅಂತ ನನ್ನ ಅಭಿಪ್ರಾಯ. ತಾತ್ಕಾಲಿಕ ಮಾರ್ಕೆಟ್ ಮೊದಲು ಪೂರ್ತಿ ತಯಾರಾಗಬೇಕು, ನೀರು, ಶೌಚಾಲಯ, ಲಾರಿ ನಿಲ್ಲುವ ಜಾಗ, ಬಸ್ಸು ಎಲ್ಲ ಸೇರಿ. ಆಮೇಲೆ ಸ್ಥಳಾಂತರ, ಆಮೇಲೆ ಕೆಡವುವುದು. ಮೀನು, ತರಕಾರಿ, ಹೂವಿನ ವ್ಯಾಪಾರಕ್ಕೆ ದಿನ ತಪ್ಪಿದ್ರೆ ಗಿರಾಕಿ ತಪ್ಪಿದ ಹಾಗೆ. ತಪ್ಪಿದ ಗಿರಾಕಿ ಬೇರೆ ಅಂಗಡಿ ಹಿಡ್ದಾಯ್ತು ಅಂದ್ರೆ ಹೊಸ ಕಟ್ಟಡಕ್ಕೆ ಏಸಿ ಹಾಕಿಸಿದ್ರೂ ಬರುವುದಿಲ್ಲ.

ಪೇಟೆ ಅಂದ್ರೆ ಕಟ್ಟಡ ಅಲ್ಲ ಅನ್ನುವುದಕ್ಕೆ ಬಾಗಲಕೋಟೆಯನ್ನು ಕಾಣಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಘಟಪ್ರಭಾ ದಂಡೆಯ ಹಳೇ ಊರಿನ ದೊಡ್ಡ ಭಾಗ ಮುಳುಗ್ತದೆ ಅಂತ ಆದಾಗ, 1983ರ ಕಾಯ್ದೆಯಡಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಮಾಡಿ, ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರಿಂದ ನಕ್ಷೆ ಹಾಕಿಸಿ ನವನಗರ ಕಟ್ಟಿದ್ರು. ನೀರು ಎಷ್ಟು ಮೀಟರ್ ಮಟ್ಟಕ್ಕೆ ಏರ್ತದೆ ಅನ್ನುವ ಲೆಕ್ಕದಲ್ಲಿ ಊರನ್ನು ತುಂಡು ಮಾಡಿ ಜನರನ್ನು ಎಬ್ಬಿಸಿದ್ರು. ಮನೆಗೆ ಸೈಟು ಸಿಕ್ಕಿತು, ಕಚೇರಿಗಳು ಬಂದವು, ಅಗಲ ರಸ್ತೆ ಬಂತು. ವ್ಯಾಪಾರ ಮಾತ್ರ ಮುಳುಗದೆ ಉಳಿದ ಹಳೇ ಪೇಟೆಯನ್ನು ಬಿಟ್ಟು ಸುಲಭಕ್ಕೆ ಬರಲಿಲ್ಲ. ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ, ನಡುವೆ ಹಲವು ಕಿಲೋಮೀಟರ್. ಮನೆಯನ್ನು ಹಂತದಲ್ಲಿ ಸ್ಥಳಾಂತರ ಮಾಡಬಹುದು. ಪೇಟೆ ಹಾಗಲ್ಲ, ಹತ್ತು ಅಂಗಡಿ ಒಟ್ಟಿಗೆ ಇದ್ರೆ ಮಾತ್ರ ಹನ್ನೊಂದನೆಯವನಿಗೆ ವ್ಯಾಪಾರ.

ದುಡ್ಡಿಗೂ ಹಂತ ಉಂಟು

ಹಂತ ಮಾಡುವುದು ಇಂಜಿನಿಯರ್ ಮಾತ್ರ ಅಲ್ಲ, ದುಡ್ಡು ಕೂಡ. ಯಾವ ತುಂಡು ಮುಗಿದ್ರೆ ಎಷ್ಟು ಬಿಲ್ ಅಂತ ಗುತ್ತಿಗೆಯಲ್ಲೇ ಇರ್ತದೆ. ಬಿಲ್ ಹೆಚ್ಚು ಬರುವ ಕೆಲಸ ಮೊದಲು ಓಡ್ತದೆ, ಚರಂಡಿ ಮುಚ್ಚಳದಂಥ ಸಣ್ಣ ಬಿಲ್ಲಿನದ್ದು ಕೊನೆಗೆ ಉಳೀತದೆ.

ಹೆದ್ದಾರಿಯಲ್ಲಿ ಇದು ಇನ್ನೂ ಸ್ಪಷ್ಟ. ಸಾಸ್ತಾನ ಮತ್ತು ಹೆಜಮಾಡಿ ಟೋಲ್ 2017ರಲ್ಲಿ ಶುರುವಾಯ್ತು, ಆಗ ಕುಂದಾಪುರದ ಫ್ಲೈಓವರ್ ಅರ್ಧಕ್ಕೆ ನಿಂತಿತ್ತು. ಇದು ಹೇಗೆ ಸಾಧ್ಯ ಅಂತ ಜನ ಸಿಟ್ಟಾದ್ರು. ಒಪ್ಪಂದದಲ್ಲೇ ದಾರಿ ಉಂಟು. ಹೆಚ್ಚಿನ ಭಾಗ ಮುಗಿದ್ರೆ ತಾತ್ಕಾಲಿಕ ಪ್ರಮಾಣಪತ್ರ ಕೊಡಬಹುದು, ಉಳಿದದ್ದನ್ನು ‘ಪಂಚ್ ಲಿಸ್ಟ್’ ಅನ್ನುವ ಬಾಕಿ ಪಟ್ಟಿಯಲ್ಲಿ ಬರೆದು ಟೋಲ್ ಶುರು ಮಾಡಬಹುದು. ಟೋಲ್ ಬರ್ಲಿಕ್ಕೆ ಶುರುವಾದ ಮೇಲೆ ಬಾಕಿ ಪಟ್ಟಿಗೆ ಯಾರಿಗೆ ಅವಸರ? ಪೇಟೆಯ ಕೆಲಸ ಬಾಕಿ ಪಟ್ಟಿಗೆ ಹೋಯ್ತು ಅಂದ್ರೆ ಅದರ ಹಿಂದೆ ಎಳೆಯುವ ಹಗ್ಗವೇ ಕಡಿದ ಹಾಗೆ. ಹಾಗಾಗಿ ಜಂಕ್ಷನ್, ಸರ್ವಿಸ್ ರಸ್ತೆ, ಚರಂಡಿ ಇವು ಮುಗಿಯದೆ ದುಡ್ಡಿನ ದೊಡ್ಡ ಕಂತು ಬಿಡಬಾರದು ಅಂತ ಶುರುವಿನಲ್ಲೇ ಬರೆಸಬೇಕು. ಆಮೇಲೆ ಧರಣಿ ಕೂತು ಬರೆಸ್ಲಿಕ್ಕೆ ಆಗುವುದಿಲ್ಲ.

ಇದಕ್ಕೆ ತಿರುಗು ಉದಾಹರಣೆ ಲಂಡನ್ನಿನ ಕಿಂಗ್ಸ್ ಕ್ರಾಸ್. ರೈಲು ನಿಲ್ದಾಣದ ಹಿಂದಿನ 67 ಎಕ್ರೆ ಹಾಳುಬಿದ್ದ ಗೋದಾಮು ಜಾಗ. 2006ರಲ್ಲಿ ಅನುಮತಿ ಸಿಕ್ಕಿತು. ದುಡ್ಡು ತರುವ ಆಫೀಸು ಕಟ್ಟಡಗಳು ಏಳುವ ಮೊದಲೇ 2011ರಲ್ಲಿ ಹಳೇ ಧಾನ್ಯದ ಗೋದಾಮಿಗೆ ಕಲಾ ಕಾಲೇಜು ಬಂತು, 2012ರಲ್ಲಿ ಅದರ ಎದುರು ಚೌಕ ತೆರೆಯಿತು. ಸುತ್ತ ಇನ್ನೂ ಕ್ರೇನ್ ಓಡಾಡ್ತಾ ಇತ್ತು, ಆದ್ರೆ ಸಾವಿರಾರು ವಿದ್ಯಾರ್ಥಿಗಳು ದಿನಾ ಬಂದು ಚಾ ಕುಡಿಯುವ ಜಾಗ ಆಗಿಹೋಗಿತ್ತು. ಜನ ಬರುವ ತುಂಡು ಮೊದಲು ತೆರೆದ್ರೆ ಉಳಿದದ್ದಕ್ಕೆ ಕಾಯುವ ತಾಳ್ಮೆ ಜನರಿಗೂ ಬರ್ತದೆ.

ಬಾಡಿಗೆ ಅಂಗಡಿಯವರು ಇದನ್ನು ಓದ್ಲೇಬೇಕು

ಜಾಗ ಹೋದ್ರೆ ಪರಿಹಾರ ಜಾಗದ ಯಜಮಾನರಿಗೆ ಅಂತಲೇ ಎಲ್ಲರ ನಂಬಿಕೆ. ಪೂರ್ತಿ ಹಾಗಲ್ಲ. 2013ರ ಭೂಸ್ವಾಧೀನ ಕಾಯ್ದೆ ‘ಬಾಧಿತ ಕುಟುಂಬ’ ಅಂದ್ರೆ ಜಾಗ ಇದ್ದವರು ಮಾತ್ರ ಅನ್ನುವುದಿಲ್ಲ. ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ಜಾಗದಲ್ಲೇ ದುಡಿದು, ಅದೇ ಮುಖ್ಯ ಜೀವನಾಧಾರ ಆಗಿದ್ದವರೂ ಅದರಲ್ಲಿ ಬರ್ತಾರೆ. ಸಣ್ಣ ವ್ಯಾಪಾರಿ, ಸ್ವಂತ ಉದ್ಯೋಗದವರು ಬಲವಂತವಾಗಿ ಎದ್ದು ಹೋಗಬೇಕಾದ್ರೆ ಒಂದು ಸಲದ ನೆರವು ಕನಿಷ್ಠ 25,000 ರೂಪಾಯಿ ಅಂತ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಉಂಟು. ದೊಡ್ಡ ಮೊತ್ತ ಅಲ್ಲ. ಆದ್ರೆ ಅದನ್ನು ಕೇಳಬೇಕಾದ್ರೂ ಮೂರು ವರ್ಷದ ದಾಖಲೆ ಬೇಕು. ಬಾಡಿಗೆ ಕರಾರು ಪತ್ರ, ಬಾಡಿಗೆ ರಶೀದಿ, ಪಂಚಾಯತ್ ಅಥವಾ ಪುರಸಭೆಯ ಲೈಸೆನ್ಸು, ಕರೆಂಟ್ ಬಿಲ್ಲು. ನಮ್ಮಲ್ಲಿ ಎಷ್ಟೋ ಬಾಡಿಗೆ ಬಾಯಿಮಾತಿನಲ್ಲೇ ನಡೀತದೆ. ಯಜಮಾನರು ಒಳ್ಳೆಯವರೇ ಇರಬಹುದು, ಆದ್ರೆ ಅಳತೆಗೆ ಬಂದವರು ಬಾಯಿಮಾತು ಬರ್ಕೊಳ್ಳುವುದಿಲ್ಲ.

ಹೆದ್ದಾರಿಗೆ ಜಾಗ ತೆಗೆಯುವಾಗ ‘3ಎ’ ಪ್ರಕಟಣೆ ಬರ್ತದೆ. ಅದರ ಸಾರಾಂಶವನ್ನು ಎರಡು ಪತ್ರಿಕೆಯಲ್ಲಿ ಹಾಕಬೇಕು, ಒಂದು ಸ್ಥಳೀಯ ಭಾಷೆಯದ್ದು. ಅಲ್ಲಿಂದ 21 ದಿನದ ಒಳಗೆ ಆಕ್ಷೇಪ ಕೊಡಬೇಕು. ಸಣ್ಣ ಅಕ್ಷರದ ಜಾಹೀರಾತು ಅಂತ ಪುಟ ತಿರುಗಿಸಿದ್ರೆ 21 ದಿನ ಹೋದದ್ದೇ ಗೊತ್ತಾಗುವುದಿಲ್ಲ.

ಬೀದಿ ಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಉಂಟು. ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ತನಕ ಎಬ್ಬಿಸುವ ಹಾಗಿಲ್ಲ. ಸ್ಥಳಾಂತರಕ್ಕೆ 30 ದಿನದ ನೋಟಿಸ್ ಕೊಡಬೇಕು. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40 ಜನ ವ್ಯಾಪಾರಿಗಳೇ ಇರಬೇಕು. ಆದ್ರೆ ಈ ಕಾಯ್ದೆ ಇರುವುದು ಪಟ್ಟಣಗಳಿಗೆ. ಕುಂದಾಪುರದ ಪುರಸಭೆ ವ್ಯಾಪ್ತಿಯಲ್ಲಿ ತಳ್ಳುಗಾಡಿ ಇಟ್ಟವರಿಗೆ ಸಿಗುವ ರಕ್ಷಣೆ, ಗ್ರಾಮ ಪಂಚಾಯತ್ ಆಗಿರುವ ಹೆಮ್ಮಾಡಿಯ ಹೆದ್ದಾರಿ ಬದಿಯಲ್ಲಿ ಹೂ ಇಟ್ಟು ಕೂತ ಅಮ್ಮನಿಗೆ ಸಿಗುವುದಿಲ್ಲ. ಏಳೆಂಟು ಕಿಲೋಮೀಟರಿನ ಒಳಗೆ ಎರಡು ನ್ಯಾಯ.

ಇನ್ನು ಜಾಗ ಹೋಗದೆ, ಎದುರು ಗುಂಡಿ ಮಾತ್ರ ಬಿದ್ದವರು. ಹೆಚ್ಚಿನ ಅಂಗಡಿಯವರು ಈ ಗುಂಪಿನವರೇ. ವ್ಯಾಪಾರ ಕಡಿಮೆ ಆದ್ದಕ್ಕೆ ನಮ್ಮಲ್ಲಿ ಪರಿಹಾರ ಕೊಡುವ ವ್ಯವಸ್ಥೆ ಇಲ್ಲ. ಆಗದ ಮಾತು ಅಂತ ಹೇಳಬೇಡಿ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಮೆಟ್ರೋ ರೈಲಿನ ಕಾಮಗಾರಿ ಬದಿಯ ಸಣ್ಣ ಅಂಗಡಿಗಳಿಗೆ 2015ರಿಂದ ಒಂದು ನಿಧಿ ಉಂಟು. 25 ಅಥವಾ ಅದಕ್ಕಿಂತ ಕಡಿಮೆ ಕೆಲಸದವರಿರುವ ಅಂಗಡಿ ಹಳೇ ಲೆಕ್ಕ ತೋರಿಸಿ ನಷ್ಟ ಎಷ್ಟು ಅಂತ ಸಾಬೀತು ಮಾಡಿದ್ರೆ ವರ್ಷಕ್ಕೆ 50,000 ಡಾಲರ್ ತನಕ ಕೊಡ್ತಾರೆ. ಯೋಜನೆಯ ಖರ್ಚಿನಲ್ಲಿ ಅದೂ ಒಂದು ಸಾಲು. ನಮ್ಮಲ್ಲಿ ಅಷ್ಟು ಆಗದಿದ್ರೂ ಕೆಲಸ ನಡೆಯುವ ತಿಂಗಳುಗಳಿಗೆ ಪುರಸಭೆಯ ಸ್ವಂತ ಮಳಿಗೆಗಳ ಬಾಡಿಗೆ ಮಾಫಿ, ಲೈಸೆನ್ಸ್ ಶುಲ್ಕ ಕಡಿತ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಕೇಳುವುದು ಎಲ್ಲಿ, ಎಂತದ್ದು?

ಕೆಲಸ ಶುರುವಾಗುವಾಗ ಗುತ್ತಿಗೆದಾರ ‘ಕಾಮಗಾರಿ ಕಾರ್ಯಕ್ರಮ’ ಅಂತ ಒಂದು ಪಟ್ಟಿ ಕೊಟ್ಟಿರ್ತಾನೆ. ಬಾರ್ ಚಾರ್ಟ್ ಅಂತಲೂ ಹೇಳ್ತಾರೆ. ಎಡಕ್ಕೆ ಕೆಲಸದ ಹೆಸರು, ಬಲಕ್ಕೆ ತಿಂಗಳುಗಳ ಮೇಲೆ ಎಳೆದ ಗೆರೆ. ಓದ್ಲಿಕ್ಕೆ ಐದು ನಿಮಿಷ ಸಾಕು. ಆ ಗೆರೆ ಜೂನ್, ಜುಲೈ ಮೇಲೂ ನೇರ ಹೋಗಿದ್ರೆ ಪಟ್ಟಿ ಮಾಡಿದವರು ಕರಾವಳಿಯ ಮಳೆ ಕಂಡವರಲ್ಲ ಅಂತ ಅರ್ಥ. ನಿಮ್ಮ ಬೀದಿಯ ಹೆಸರು ಎಲ್ಲುಂಟು, ಪೈಪು ಕಂಬ ಸ್ಥಳಾಂತರ ರಸ್ತೆಗಿಂತ ಮೊದಲು ಉಂಟಾ, ಬದಲಿ ದಾರಿ ಯಾವುದು, ಗಿರಾಕಿ ಬಪ್ಕೆ ಹಲಗೆ ಆದ್ರೂ ಹಾಕ್ತಾರಾ ಅಂತ ಅದರಲ್ಲೇ ಹುಡುಕಬಹುದು.

ಆ ಪಟ್ಟಿಯ ಪ್ರತಿ ಮಾಹಿತಿ ಹಕ್ಕಿನಲ್ಲಿ ಸಿಗ್ತದೆ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಪುರಸಭೆ, ಪಂಚಾಯತ್, ಲೋಕೋಪಯೋಗಿ ಇಲಾಖೆಗೆ ಬರೆಯುವುದಾದ್ರೆ ರಾಜ್ಯದ ನಿಯಮದ ಪ್ರಕಾರ ಅರ್ಜಿ 150 ಶಬ್ದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ಪಟ್ಟಿ ಒಂದು ಅರ್ಜಿಯಲ್ಲಿ ಕೇಳಿ, ಬಿಲ್ ಕಂತಿನ ವಿವರ ಇನ್ನೊಂದರಲ್ಲಿ. ಎರಡೂ ಸೇರಿಸಿ ಬರೆದ್ರೆ ಅದೇ ನೆಪ ಹೇಳಿ ವಾಪಸ್ ಕಳಿಸ್ತಾರೆ. ರಾಷ್ಟ್ರೀಯ ಹೆದ್ದಾರಿಯ ವಿಷಯ ಆದ್ರೆ ಹೆದ್ದಾರಿ ಪ್ರಾಧಿಕಾರ ಕೇಂದ್ರ ಸರಕಾರದ್ದು, ಅದಕ್ಕೆ ಕೇಂದ್ರದ ಮಾಹಿತಿ ಹಕ್ಕು ಜಾಲತಾಣದಲ್ಲೇ ಮೊಬೈಲಿನಿಂದ ಹಾಕಬಹುದು, 500 ಶಬ್ದದ ತನಕ ಅವಕಾಶ ಉಂಟು. ಸಂಘದ ಹೆಸರಿನಲ್ಲಿ ಹಾಕಬೇಡಿ, ಒಬ್ಬರ ಸ್ವಂತ ಹೆಸರಿನಲ್ಲಿ ಹಾಕಿ. ಬಂದ ಪಟ್ಟಿಯನ್ನು ಒಂದು ದೊಡ್ಡ ಹಾಳೆಗೆ ಪ್ರಿಂಟ್ ತೆಗೆದು ರಿಕ್ಷಾ ನಿಲ್ದಾಣದ ಹತ್ತಿರ ಅಂಟಿಸಿದ್ರೆ ಇನ್ನೂ ಒಳ್ಳೇದು.